ತೆಳುಗಾಳಿಯ ಲೆಕ್ಕ

ಚಳಿಗಾಲ ಶುರುವಾಗುತ್ತಿದ್ದಂತೆ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಬಹುದೂರದ ನೆಂಟರು ಬಂದಿಳಿಯುತ್ತಾರೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಗೀಟು. ಕನ್ನಡದಲ್ಲಿ ಇವಕ್ಕೆ ಪಟ್ಟೆತಲೆ ಹೆಬ್ಬಾತು ಎಂದು ಹೆಸರು. ಸುತ್ತಲ ಹೊಲಗಳಲ್ಲಿ ಮೇಯ್ದು ಬಂದು ನೀರಿನ ಮೇಲೆ ಸುಮ್ಮನೆ ತೇಲುತ್ತಿರುವ ಈ ಹಕ್ಕಿಗಳನ್ನು ನೋಡಿದರೆ ಅವು ಎಂಥ ದಾರಿ ಹಾಯ್ದು ಬಂದಿವೆ ಎಂಬ ಸುಳಿವು ಸಿಗುವುದಿಲ್ಲ. ಬೇಸಿಗೆಯಲ್ಲಿ ಅವು ಮರಿ ಮಾಡುವುದು ಮಂಗೋಲಿಯ, ಟಿಬೆಟ್ ಕಡೆಯ ಸರೋವರಗಳ ದಂಡೆಯಲ್ಲಿ. ಅಲ್ಲಿಗೂ ಇಲ್ಲಿಗೂ ನಡುವೆ ಹಿಮಾಲಯ ಅಡ್ಡ ನಿಂತಿದೆ. ಈ ಜಾತಿಯ ಹಕ್ಕಿಗಳಿಗೆ ಪುಟ್ಟ ಉಪಕರಣ ಅಳವಡಿಸಿ ಹಿಂಬಾಲಿಸಿದ ವಿಜ್ಞಾನಿಗಳು ಒಂದು ಹೆಬ್ಬಾತನ್ನು 7,290 ಮೀಟರ್ ಎತ್ತರದಲ್ಲಿ ಗುರುತಿಸಿದ್ದಾರೆ.

ಅಷ್ಟು ಎತ್ತರ ಎಂದ ಕೂಡಲೇ ನಮಗೆ ಹೊಳೆಯುವುದು ಉಸಿರಿನ ಕಷ್ಟ. ಹಾರುವ ಜೀವಕ್ಕೆ ಅದರ ಜೊತೆಗೆ ಇನ್ನೊಂದು ಕಷ್ಟವೂ ಇದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತಲೂ ಕಡಿಮೆ. ಅಂದರೆ ರೆಕ್ಕೆ ಬಡಿದಾಗ ಅದಕ್ಕೆ ಸಿಗುವ ಆಸರೆಯೇ ಅರ್ಧವಾಗಿರುತ್ತದೆ. ಆದರೆ ಹಕ್ಕಿಯ ತೂಕ ಒಂದು ಗುಲಗಂಜಿಯಷ್ಟೂ ಇಳಿದಿರುವುದಿಲ್ಲ.

ಹೆಬ್ಬಾತು ಎದುರಿಸುವ ಈ ಕಷ್ಟವನ್ನು ಇಪ್ಪತ್ತನೇ ಶತಮಾನದಲ್ಲಿ ಮನುಷ್ಯನೂ ಎದುರಿಸಿದ. ಅವನು ಅದಕ್ಕೆ ಕಂಡುಕೊಂಡ ಉಪಾಯ ಒಂದೇ: ವೇಗ. ಆ ಒಂದು ಉಪಾಯ ಅವನನ್ನು ಎಲ್ಲಿಯವರೆಗೆ ಕರೆದೊಯ್ದಿತು, ಎಲ್ಲಿ ಕೈಬಿಟ್ಟಿತು ಎನ್ನುವುದೇ ಎತ್ತರದ ಹಾರಾಟದ ಚರಿತ್ರೆ.

*

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಗೆಹರಿಸಿಕೊಳ್ಳೋಣ. ವಿಮಾನಗಳು ಅಷ್ಟು ಎತ್ತರದಲ್ಲಿ ಏಕೆ ಹಾರುತ್ತವೆ ಎಂದು ಯಾರನ್ನಾದರೂ ಕೇಳಿ ನೋಡಿ. "ಮೇಲೆ ಗಾಳಿ ತೆಳುವಾಗಿರುತ್ತದೆ, ಹಾಗಾಗಿ ತಡೆ ಕಡಿಮೆ" ಎಂಬ ಉತ್ತರ ಬರುತ್ತದೆ. ಇದು ಅರ್ಧ ಸತ್ಯ.

ರೆಕ್ಕೆಯ ಕೆಲಸವೆಂದರೆ ಎದುರಿಗೆ ಬರುವ ಗಾಳಿಯನ್ನು ಕೆಳಕ್ಕೆ ತಳ್ಳುವುದು. ತಳ್ಳಿಸಿಕೊಂಡ ಗಾಳಿ ಪ್ರತಿಯಾಗಿ ರೆಕ್ಕೆಯನ್ನು ಮೇಲಕ್ಕೆತ್ತುತ್ತದೆ. ಇದು ಲಿಫ್ಟ್, ಎತ್ತುವ ಬಲ. ಮುನ್ನುಗ್ಗುವ ವಿಮಾನವನ್ನು ಅದೇ ಗಾಳಿ ಹಿಂದಕ್ಕೂ ಜಗ್ಗುತ್ತದೆ. ಅದು ಡ್ರ್ಯಾಗ್, ಎಳೆತ. ಈ ಎರಡೂ ಬಲಗಳು ಗಾಳಿಯ ಸಾಂದ್ರತೆಯನ್ನು ಅವಲಂಬಿಸಿವೆ. ಸಾಂದ್ರತೆ ಅರ್ಧವಾದರೆ, ಉಳಿದೆಲ್ಲ ಮೊದಲಿನಂತೆಯೇ ಇದ್ದಲ್ಲಿ, ಎಳೆತವೂ ಅರ್ಧ, ಎತ್ತುವ ಬಲವೂ ಅರ್ಧ. ತೆಳುಗಾಳಿ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಸಿದುಕೊಳ್ಳುತ್ತದೆ.

ಆದರೆ ವಿಮಾನ ಬೀಳದೆ ಇರಬೇಕಾದರೆ ಎತ್ತುವ ಬಲ ಅದರ ತೂಕಕ್ಕೆ ಸಮನಾಗಿಯೇ ಇರಬೇಕು. ಕಳೆದುಹೋದ ಬಲವನ್ನು ಮರಳಿ ಪಡೆಯಲು ಎರಡು ದಾರಿಗಳಿವೆ. ಮೂತಿಯನ್ನು ಇನ್ನಷ್ಟು ಮೇಲೆತ್ತಿ ರೆಕ್ಕೆ ಗಾಳಿಯನ್ನು ಹೆಚ್ಚು ಓರೆಯಾಗಿ ಎದುರಿಸುವಂತೆ ಮಾಡಬಹುದು. ಇದಕ್ಕೆ ಮಿತಿಯಿದೆ, ಓರೆ ಹೆಚ್ಚಾದರೆ ಗಾಳಿ ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿಯಲಾರದೆ ಕಿತ್ತುಹೋಗುತ್ತದೆ, ರೆಕ್ಕೆ ಸೋಲುತ್ತದೆ. ಇದನ್ನೇ ಸ್ಟಾಲ್ ಎನ್ನುತ್ತಾರೆ. ಎರಡನೆಯ ದಾರಿ ವೇಗ. ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಆದರೆ ವೇಗ ಹೆಚ್ಚಿಸಿ ಎತ್ತುವ ಬಲವನ್ನು ಮರಳಿ ಪಡೆದ ಕೂಡಲೇ ಎಳೆತವೂ ತನ್ನ ಹಳೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಕಾಳಿನ ಜೊತೆ ಹೊಟ್ಟೂ ಬಂದ ಹಾಗೆ.

ಇದನ್ನು ಕಾಣಲು ಹಿಮಾಲಯದವರೆಗೆ ಹೋಗಬೇಕಾಗಿಲ್ಲ. ಮಂಗಳೂರಿನ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಮೇಲಿದೆ. ಬೆಂಗಳೂರಿನದು 900 ಮೀಟರಿಗೂ ಮೇಲೆ. ಬೆಂಗಳೂರಿನ ಗಾಳಿ ಶೇ 8ರಷ್ಟು ತೆಳು. ಅಷ್ಟೇ ಭಾರದ ಅದೇ ವಿಮಾನ ಇಲ್ಲಿ ನೆಲ ಬಿಡಬೇಕಾದರೆ ಸುಮಾರು ಶೇ 4ರಷ್ಟು ಹೆಚ್ಚು ವೇಗದಲ್ಲಿ ಓಡಬೇಕು. ಇನ್ನು 11,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ 30 ಮಾತ್ರ. ಅಲ್ಲಿ ಅದೇ ತೂಕವನ್ನು ರೆಕ್ಕೆಯ ಅದೇ ಓರೆಯಲ್ಲಿ ಹೊರಲು 1.8 ಪಟ್ಟು ವೇಗ ಬೇಕು.

ಹಾಗಾದರೆ ಲಾಭವೇನು? ಲಾಭ ಇಷ್ಟೇ, ಆದರೆ ದೊಡ್ಡದು: ಎಳೆತ ಹೆಚ್ಚಾಗದೆಯೇ ವೇಗ 1.8 ಪಟ್ಟಾಯಿತು. ಕೆಳಗೆ ಅದೇ ವೇಗದಲ್ಲಿ ಹಾರಲು ಹೋದರೆ ಎಳೆತ ಬಹಳಷ್ಟು ಏರಿ ಎಂಜಿನ್ ಸುಸ್ತಾಗುತ್ತಿತ್ತು. ಎತ್ತರ ಎಳೆತವನ್ನು ಇಲ್ಲವಾಗಿಸುವುದಿಲ್ಲ, ಅದೇ ಎಳೆತಕ್ಕೆ ಹೆಚ್ಚು ವೇಗ ಕೊಡುತ್ತದೆ.

ಇದರಲ್ಲೊಂದು ಷರತ್ತೂ ಇದೆ. ಅಷ್ಟೇ ಎಳೆತದ ವಿರುದ್ಧ ಹೆಚ್ಚು ವೇಗವಾಗಿ ಹೋಗುವುದೆಂದರೆ ಪ್ರತಿ ಕ್ಷಣಕ್ಕೂ ಹೆಚ್ಚು ಕೆಲಸ ಮಾಡುವುದು. ಅದೇ ಮೂಟೆಯನ್ನು ಅಷ್ಟೇ ದೂರಕ್ಕೆ, ಆದರೆ ಅರ್ಧ ಹೊತ್ತಿನಲ್ಲಿ ಸಾಗಿಸಬೇಕಾದ ಹಮಾಲನ ಸ್ಥಿತಿ. ಎಂಜಿನ್ನಿಗೆ ಆ ಕಸುವಿರಬೇಕು. ಚರಿತ್ರೆ ಮೊದಲು ಮುಗ್ಗರಿಸಿದ್ದು ಇಲ್ಲೇ.

*

ಮೊದಲ ಮಹಾಯುದ್ಧದ ಕಾಲದ ವಿಮಾನಗಳ ಎಂಜಿನ್ನುಗಳು ನಮ್ಮ ಮೋಟಾರುಗಳಂತೆಯೇ ಗಾಳಿಯನ್ನು ಒಳಗೆಳೆದು, ಪೆಟ್ರೋಲಿನೊಂದಿಗೆ ಬೆರೆಸಿ ಸುಡುತ್ತಿದ್ದವು. ಮೇಲೆ ಹೋದಂತೆ ಗಾಳಿ ತೆಳುವಾಯಿತು, ಸುಡಲು ಸಿಗುವ ಆಮ್ಲಜನಕ ಕಡಿಮೆಯಾಯಿತು. ಹೆಚ್ಚು ಕಸುವು ಬೇಕಾದ ಜಾಗದಲ್ಲೇ ಎಂಜಿನ್ ಏದುಸಿರು ಬಿಡತೊಡಗಿತು.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ಸ್ಯಾನ್‌ಫರ್ಡ್ ಮಾಸ್ ಇದಕ್ಕೊಂದು ಮದ್ದು ತಂದ. ಎಂಜಿನ್ ಹೊರಗೆ ಉಗುಳುವ ಬಿಸಿ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಆ ಚಕ್ರದಿಂದ ತೆಳುಗಾಳಿಯನ್ನು ಒತ್ತಿ ಎಂಜಿನ್ನಿಗೆ ಉಣಿಸುವ ಟರ್ಬೋ ವ್ಯವಸ್ಥೆ ಅದು. 1918ರಲ್ಲಿ ಕೊಲರಾಡೋದ ಪೈಕ್ಸ್ ಪೀಕ್ ಎಂಬ 14,000 ಅಡಿ ಮೀರಿದ ಬೆಟ್ಟದ ತುದಿಗೆ ಎಂಜಿನ್ನನ್ನೇ ಹೊತ್ತೊಯ್ದು ಅದನ್ನು ಪರೀಕ್ಷಿಸಿದರು. ಬೆಟ್ಟದ ಮೇಲೆ ಎಂಜಿನ್ ಗೆದ್ದಿತು. ಇನ್ನು ಆಕಾಶದಲ್ಲಿ ನೋಡಬೇಕಿತ್ತು.

1920ರ ಫೆಬ್ರವರಿ 27ರಂದು ಒಹಾಯೋದ ಡೇಟನ್ ಬಳಿಯ ಮೆಕುಕ್ ಫೀಲ್ಡಿನಿಂದ ಮೇಜರ್ ರುಡಾಲ್ಫ್ ಶ್ರೋಡರ್ ಈ ಟರ್ಬೋ ಕೂಡಿಸಿದ ಲೆಪೆರ್ ವಿಮಾನವನ್ನು ಮೇಲೇರಿಸಿದ. ಚಾವಣಿಯಿಲ್ಲದ ಬಯಲು ಆಸನ, ಮೈಮೇಲೆ ದಪ್ಪ ಚಳಿಯುಡುಪು, ಬಾಯಿಗೆ ಆಮ್ಲಜನಕದ ಕೊಳವೆ. ಅವನು 33,000 ಅಡಿ ದಾಟಿದ. ಎಂಜಿನ್ ಸೋಲಲಿಲ್ಲ; ಮನುಷ್ಯ ಸೋತ. ಆಮ್ಲಜನಕ ನಿಂತಿತು, ಎಂಜಿನ್ನಿನ ವಿಷಹೊಗೆಯೂ ಸೇರಿ ಪ್ರಜ್ಞೆ ತಪ್ಪಿತು. ವಿಮಾನ ಮೂತಿ ಕೆಳಗಾಗಿ ಐದು ಮೈಲಿಗೂ ಹೆಚ್ಚು ಬಿತ್ತು. ದಟ್ಟ ಗಾಳಿಗೆ ಬಂದ ಮೇಲೆ ಎಚ್ಚೆತ್ತ ಶ್ರೋಡರ್ ಅದನ್ನು ಹೇಗೋ ಸರಿಪಡಿಸಿ ನೆಲಕ್ಕಿಳಿಸಿದ. ಮೇಲೆ ಕನ್ನಡಕ ಎತ್ತಿದ್ದ ಆ ಕೆಲವು ಗಳಿಗೆಗಳಲ್ಲಿ ಅವನ ಕಣ್ಣುಗಳು ಹೆಪ್ಪುಗಟ್ಟಿದ್ದವು. ಓಡಿ ಬಂದವರು ಅವನನ್ನು ವಿಮಾನದಿಂದ ಎತ್ತಿ ಕೆಳಗಿಳಿಸಬೇಕಾಯಿತು.

ರೆಕ್ಕೆಯ ಲೆಕ್ಕ ಸರಿಯಾಗಿಯೇ ಇತ್ತು. ಆ ಲೆಕ್ಕದೊಳಗೆ ಮನುಷ್ಯನ ಮೈಯನ್ನು ಸೇರಿಸಿರಲಿಲ್ಲ.

*

ಸೇರಿಸಿದವನು ಒಕ್ಕಣ್ಣಿನ ವೈಲಿ ಪೋಸ್ಟ್. ಎಣ್ಣೆಬಾವಿಯ ಕೆಲಸದಲ್ಲಿ ಒಂದು ಕಣ್ಣು ಕಳೆದುಕೊಂಡು, ಅದಕ್ಕೆ ಸಿಕ್ಕ ಪರಿಹಾರದ ಹಣದಿಂದ ವಿಮಾನ ಕೊಂಡವನು ಎಂದು ಅವನ ಕತೆ ಹೇಳುತ್ತಾರೆ. 1933ರಲ್ಲಿ ಒಬ್ಬನೇ ಜಗತ್ತನ್ನು ಸುತ್ತಿ ಬಂದವನು ಅವನು. ಅವನ ವಿಮಾನ 'ವಿನಿ ಮೇ' ಮರದ ಮೈಯದು; ಅದರೊಳಗೆ ಒತ್ತಡ ತುಂಬಿದರೆ ಒಡೆದುಹೋಗುತ್ತಿತ್ತು. ಹಾಗಾಗಿ ಪೋಸ್ಟ್ ಒತ್ತಡವನ್ನು ತನ್ನ ಬಟ್ಟೆಯೊಳಗೇ ತುಂಬಲು ಹೊರಟ. ಟೈರು ಮಾಡುವ ಗುಡ್‌ರಿಚ್ ಕಂಪನಿಯ ನೆರವಿನಿಂದ ರಬ್ಬರು ಲೇಪಿಸಿದ ಬಟ್ಟೆ, ಮೇಲೊಂದು ಲೋಹದ ಶಿರಸ್ತ್ರಾಣದ ಉಡುಪು ಹೊಲಿಸಿಕೊಂಡ. ಇವತ್ತಿನ ಗಗನಯಾತ್ರಿಗಳ ಉಡುಪಿಗೆ ಅದು ಮುತ್ತಜ್ಜ.

ಅವನಿಗೆ ಎಳೆತದ ಚಿಂತೆಯೂ ಇತ್ತು. ನೆಲ ಬಿಟ್ಟ ಮೇಲೆ ಚಕ್ರಗಳು ಗಾಳಿಗೆ ಅಡ್ಡ ನಿಲ್ಲುವುದಲ್ಲದೆ ಬೇರೇನೂ ಮಾಡುವುದಿಲ್ಲ. ಅದಕ್ಕೆ ಏರಿದ ಮೇಲೆ ಚಕ್ರಗಳನ್ನೇ ಕಳಚಿ ಬೀಳಿಸಿ, ಇಳಿಯುವಾಗ ಹೊಟ್ಟೆಯಡಿಯ ಪಟ್ಟಿಯೊಂದರ ಮೇಲೆ ಜಾರಿ ಬರುವ ಏರ್ಪಾಟು ಮಾಡಿಕೊಂಡ. 1935ರ ಮಾರ್ಚ್ 15ರಂದು ಕ್ಯಾಲಿಫೋರ್ನಿಯಾದ ಬರ್ಬ್ಯಾಂಕಿನಿಂದ ಹೊರಟು 2,000 ಮೈಲಿ ಆಚೆಯ ಕ್ಲೀವ್‌ಲ್ಯಾಂಡನ್ನು ಏಳೂಕಾಲು ಗಂಟೆಯ ಆಸುಪಾಸಿನಲ್ಲಿ ಮುಟ್ಟಿದ. ಸರಾಸರಿ ಗಂಟೆಗೆ 279 ಮೈಲಿ. ಅಷ್ಟರಲ್ಲಾಗಲೇ ಹಳತಾಗಿದ್ದ ಮರದ ವಿಮಾನಕ್ಕೆ ಇದು ನಂಬಲಾಗದ ವೇಗ. ಅದರಲ್ಲೊಂದು ಪಾಲು ತೆಳುಗಾಳಿಯ ಕೊಡುಗೆ. ಇನ್ನೊಂದು ಪಾಲು ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಗಾಳಿಯದು. ಇಂದು ಅದಕ್ಕೆ ಜೆಟ್ ಸ್ಟ್ರೀಮ್ ಎನ್ನುತ್ತೇವೆ. ಅದೇ ವರ್ಷ ಆಗಸ್ಟಿನಲ್ಲಿ ಅಲಾಸ್ಕದಲ್ಲಿ, ಎತ್ತರಕ್ಕೇನೂ ಸಂಬಂಧವಿಲ್ಲದ ಅಪಘಾತದಲ್ಲಿ ಪೋಸ್ಟ್ ತೀರಿಕೊಂಡ.

ಎಂಜಿನ್ನಿಗೆ ಟರ್ಬೋ ಸಿಕ್ಕಿತು, ಮನುಷ್ಯನಿಗೆ ಉಡುಪು ಸಿಕ್ಕಿತು. ಆದರೆ ಪ್ರೊಪೆಲ್ಲರ್? ಅದೂ ಒಂದು ರೆಕ್ಕೆಯೇ, ಸುತ್ತುವ ರೆಕ್ಕೆ. ತೆಳುಗಾಳಿಯಲ್ಲಿ ಅದಕ್ಕೂ ಹಿಡಿತ ಸಾಲದು. ಜೋರಾಗಿ ತಿರುಗಿಸಿದರೆ ಅದರ ತುದಿ ಶಬ್ದದ ವೇಗವನ್ನು ಸಮೀಪಿಸಿ ಕಸುವೆಲ್ಲ ವ್ಯರ್ಥವಾಗುತ್ತದೆ. ಈ ಗೋಡೆಯನ್ನು ಬಹಳ ಮೊದಲೇ ಕಂಡವನೊಬ್ಬನಿದ್ದ.

*

1928ರಲ್ಲಿ ಇಂಗ್ಲೆಂಡಿನ ಕ್ರಾನ್‌ವೆಲ್ ವಾಯುಪಡೆ ಕಾಲೇಜಿನಲ್ಲಿ 21 ವರ್ಷದ ಕೆಡೆಟ್ ಫ್ರಾಂಕ್ ವಿಟಲ್ ಒಂದು ಪ್ರಬಂಧ ಬರೆದ. ವಿಷಯ, ವಿಮಾನ ವಿನ್ಯಾಸದ ಮುಂದಿನ ಬೆಳವಣಿಗೆಗಳು. ನಾವು ಮೇಲೆ ಹಾಕಿದ ಲೆಕ್ಕವೇ ಅದರ ತಿರುಳು: ದೂರವೂ ಹೋಗಬೇಕು, ವೇಗವಾಗಿಯೂ ಹೋಗಬೇಕೆಂದರೆ ಬಹಳ ಎತ್ತರಕ್ಕೆ ಹೋಗಲೇಬೇಕು. ಅವನ ಮನಸ್ಸಿನಲ್ಲಿದ್ದದ್ದು ಗಂಟೆಗೆ 500 ಮೈಲಿ. ಅಲ್ಲಿ ಪಿಸ್ಟನ್ ಎಂಜಿನ್ನೂ ಪ್ರೊಪೆಲ್ಲರೂ ಕೆಲಸಕ್ಕೆ ಬಾರವು ಎಂಬುದು ಅವನಿಗೆ ಕಂಡಿತ್ತು. ಬದಲಿಗೆ ಏನು ಎಂಬುದು ಮರುವರ್ಷ ಹೊಳೆಯಿತು. ಗಾಳಿಯನ್ನು ಒತ್ತಿ, ಕಾಯಿಸಿ, ಹಿಂದಕ್ಕೆ ಚಿಮ್ಮಿಸುವ ಟರ್ಬೈನ್ ಎಂಜಿನ್. ಅಂದರೆ ಜೆಟ್.

1930ರ ಜನವರಿಯಲ್ಲಿ ಅವನು ಪೇಟೆಂಟಿಗೆ ಅರ್ಜಿ ಹಾಕಿದ. ಸರ್ಕಾರಕ್ಕೆ ಆಸಕ್ತಿ ಹುಟ್ಟಲಿಲ್ಲ. 1935ರಲ್ಲಿ ಪೇಟೆಂಟ್ ನವೀಕರಿಸಲು 5 ಪೌಂಡ್ ಶುಲ್ಕ ಕಟ್ಟಬೇಕಾಗಿತ್ತು. ಅವನ ಕೈಯಲ್ಲಿ ಹಣವಿರಲಿಲ್ಲ, ಸರ್ಕಾರ ಕೊಡಲಿಲ್ಲ, ಪೇಟೆಂಟ್ ಬಿದ್ದುಹೋಯಿತು. ಗೆಳೆಯರು ಸೇರಿ ಕಟ್ಟಿದ ಪವರ್ ಜೆಟ್ಸ್ ಎಂಬ ಪುಟ್ಟ ಕಂಪನಿಯಲ್ಲಿ 1937ರ ಏಪ್ರಿಲ್ 12ರಂದು ಅವನ ಎಂಜಿನ್ ಮೊದಲ ಸಲ ಉರಿಯಿತು. ವಿಮಾನದಲ್ಲಿ ಅದು ಹಾರಿದ್ದು 1941ರ ಮೇ 15ರಂದು. ಅಷ್ಟರಲ್ಲಿ ಜರ್ಮನಿಯಲ್ಲಿ ಹ್ಯಾನ್ಸ್ ಫಾನ್ ಒಹೈನ್ ಸ್ವತಂತ್ರವಾಗಿ ರೂಪಿಸಿದ ಜೆಟ್ ಎಂಜಿನ್ 1939ರ ಆಗಸ್ಟ್ 27ರಂದೇ ಆಕಾಶ ಕಂಡಿತ್ತು.

ಜೆಟ್ ಬಂದ ಮೇಲೆ ತೆಳುಗಾಳಿಯ ವ್ಯಾಪಾರ ಇನ್ನೂ ಲಾಭದ್ದಾಯಿತು. ಪಿಸ್ಟನ್ ಎಂಜಿನ್ ಕಸುವಿಗೆ ತಕ್ಕಂತೆ ಪೆಟ್ರೋಲು ಕುಡಿಯುತ್ತದೆ. ಎತ್ತರದಲ್ಲಿ ವೇಗ ಹೆಚ್ಚಿದಷ್ಟೂ ಗಂಟೆಯ ಖರ್ಚೂ ಹೆಚ್ಚುತ್ತದೆ. ಜೆಟ್ ಎಂಜಿನ್ ಕುಡಿಯುವುದು ಮುಖ್ಯವಾಗಿ ನೂಕಿಗೆ ತಕ್ಕಂತೆ. ಎಳೆತ ಅಷ್ಟೇ ಇದ್ದರೆ ನೂಕೂ ಅಷ್ಟೇ ಸಾಕು, ಗಂಟೆಯ ಖರ್ಚು ಹೆಚ್ಚುಕಡಿಮೆ ಅಷ್ಟೇ. ಆದರೆ ಆ ಗಂಟೆಯಲ್ಲಿ ಕ್ರಮಿಸುವ ದೂರ ಬಹಳ ಹೆಚ್ಚು. ಮೇಲಿನ ಚಳಿಯೂ ಆ ಎಂಜಿನ್ನಿಗೆ ಹಿತ. ಇಂದು ಬೆಂಗಳೂರಿನಿಂದ ದೆಹಲಿಗೆ ಹೋಗುವ ವಿಮಾನ 10–11 ಕಿಲೋಮೀಟರ್ ಎತ್ತರ ಹುಡುಕಿಕೊಂಡು ಹೋಗುವುದು ಈ ಕಾರಣಕ್ಕೆ.

ಈ ಲಾಭಕ್ಕೂ ಸುಂಕ ಕಟ್ಟಬೇಕಾಯಿತು. 1952ರ ಮೇ 2ರಂದು ಲಂಡನ್ನಿನಿಂದ ಜೊಹಾನ್ಸ್‌ಬರ್ಗಿಗೆ ಮೊದಲ ಜೆಟ್ ಪ್ರಯಾಣಿಕ ಸೇವೆ ಆರಂಭಿಸಿದ ಕಾಮೆಟ್ ವಿಮಾನಗಳಲ್ಲಿ ಎರಡು, 1954ರ ಜನವರಿ ಮತ್ತು ಏಪ್ರಿಲಿನಲ್ಲಿ ಮೆಡಿಟರೇನಿಯನ್ ಸಮುದ್ರದ ಮೇಲೆ ಆಕಾಶದಲ್ಲೇ ಒಡೆದವು. ಪ್ರಯಾಣಿಕರು ಉಸಿರಾಡಲೆಂದು ಒಳಗೆ ತುಂಬಿದ ಒತ್ತಡದಿಂದ ಪ್ರತಿ ಹಾರಾಟದಲ್ಲೂ ಉಬ್ಬಿ, ಇಳಿದಾಗ ಕುಗ್ಗಿ ಲೋಹ ದಣಿದಿತ್ತು. ಎರಡೂ ಸೇರಿ 56 ಜನ ಸತ್ತರು.

*

ಹಾಗಾದರೆ ಎಂಜಿನ್ ಇದೆ, ಉಡುಪಿದೆ, ಇನ್ನೂ ಮೇಲೆ, ಇನ್ನೂ ವೇಗವಾಗಿ ಹೋಗುತ್ತಲೇ ಇರಬಹುದೇ? ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ಒಂದು ಗೂಢಚಾರ ವಿಮಾನ.

ಶೀತಲ ಸಮರದ ದಿನಗಳಲ್ಲಿ ಸೋವಿಯತ್ ನೆಲದ ಚಿತ್ರ ತೆಗೆಯಲು ಯಾವ ಯುದ್ಧವಿಮಾನಕ್ಕೂ ಎಟುಕದ 70,000 ಅಡಿಯಲ್ಲಿ, ಅಂದರೆ 21 ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನ ಅಮೆರಿಕಕ್ಕೆ ಬೇಕಾಗಿತ್ತು. ಲಾಕ್‌ಹೀಡ್ ಕಂಪನಿಯ ಕೆಲ್ಲಿ ಜಾನ್ಸನ್ ಯು-2 ವಿಮಾನವನ್ನು ರೂಪಿಸಿದ. ಆ ಎತ್ತರದಲ್ಲಿ ಗಾಳಿ ಸಮುದ್ರಮಟ್ಟದ ಶೇ 6ರಷ್ಟೂ ಇಲ್ಲ. ಅಲ್ಲಿ ವೇಗದ ಜೊತೆಗೆ ರೆಕ್ಕೆಯ ಆಕಾರವೂ ದುಡಿಯಬೇಕು.

ಎಳೆತದಲ್ಲಿ ಎರಡು ಬಗೆ. ಒಂದು, ಗಾಳಿಯನ್ನು ಸೀಳಿ ಉಜ್ಜಿಕೊಂಡು ಹೋಗುವುದರಿಂದ ಆಗುವುದು. ಇನ್ನೊಂದು, ಎತ್ತುವ ಬಲ ಹುಟ್ಟಿಸಿದ್ದಕ್ಕೇ ತೆರಬೇಕಾದ ದಂಡ. ರೆಕ್ಕೆಯ ಕೆಳಗಿನ ಹೆಚ್ಚು ಒತ್ತಡದ ಗಾಳಿ ತುದಿಯಲ್ಲಿ ಮೇಲಕ್ಕೆ ನುಸುಳಿ ಸುಳಿಯಾಗುತ್ತದೆ. ಆ ಸುಳಿ ವಿಮಾನದ ಕಸುವನ್ನು ತಿನ್ನುತ್ತದೆ. ವಿಮಾನ ತನ್ನ ಎತ್ತರದ ಮಿತಿಯ ಹತ್ತಿರ, ರೆಕ್ಕೆಯನ್ನು ಹೆಚ್ಚು ಓರೆ ಮಾಡಿಕೊಂಡು ಹಾರುವಾಗ, ಈ ಎರಡನೆಯ ಎಳೆತವೇ ಮೇಲುಗೈ ಪಡೆಯುತ್ತದೆ. ರೆಕ್ಕೆ ಉದ್ದವಾಗಿ, ಕಿರಿದಾಗಿ ಇದ್ದಷ್ಟೂ ಇದು ಕಡಿಮೆ ಎಂದು ಜರ್ಮನಿಯ ಗಟಿಂಗೆನ್ನಿನಲ್ಲಿ ಲುಡ್ವಿಗ್ ಪ್ರಾಂಟ್ಲ್ ಮೊದಲ ಮಹಾಯುದ್ಧದ ಹೊತ್ತಿಗೇ ಲೆಕ್ಕ ಹಾಕಿ ತೋರಿಸಿದ್ದ. ಜಾನ್ಸನ್ ಯು-2ಗೆ ಕೊಟ್ಟದ್ದು 80 ಅಡಿ ಚಾಚಿದ, ಗ್ಲೈಡರಿನಂಥ ರೆಕ್ಕೆ. ತೂಕವನ್ನು ಎಲ್ಲಿ ಸಾಧ್ಯವೋ ಅಲ್ಲೆಲ್ಲ ಕೆರೆದು ತೆಗೆದ. ಸೈಕಲ್ಲಿನಂತೆ ಹಿಂದೊಂದು ಮುಂದೊಂದು ಚಕ್ರದ ಜೋಡಿ ಮಾತ್ರ ಉಳಿಸಿದ.

1955ರ ಆಗಸ್ಟ್ 1ರಂದು ನೆವಾಡದ ಒಣ ಸರೋವರದ ಮೇಲೆ ಅದನ್ನು ನೆಲದಲ್ಲಿ ಓಡಿಸಿ ನೋಡುತ್ತಿದ್ದ ಪೈಲಟ್ ಟೋನಿ ಲೆವಿಯರ್‌ಗೆ ಗೊತ್ತಾಗುವ ಮೊದಲೇ ಅದು ನೆಲ ಬಿಟ್ಟು ತೇಲಿತ್ತು! ಮೂರು ದಿನಗಳ ನಂತರದ ಮೊದಲ ಉದ್ದೇಶಪೂರ್ವಕ ಹಾರಾಟದಲ್ಲಿ, ಇಳಿಯಲೊಲ್ಲದ ಆ ವಿಮಾನವನ್ನು ನೆಲಕ್ಕೆ ತಾಗಿಸಲು ಅವನು ಹಲವು ಸಲ ಪ್ರಯತ್ನಿಸಬೇಕಾಯಿತು. ತೆಳುಗಾಳಿಗೆಂದು ಮಾಡಿದ ರೆಕ್ಕೆಗೆ ದಟ್ಟಗಾಳಿ ಅತಿಯಾಗಿತ್ತು.

ಮೇಲೆ ಕತೆ ಬೇರೆ. 70,000 ಅಡಿಯಲ್ಲಿ ಅದೇ ತೂಕ ಹೊರಲು ಸಮುದ್ರಮಟ್ಟಕ್ಕಿಂತ ನಾಲ್ಕು ಪಟ್ಟು ವೇಗ ಬೇಕು. ಏರಿದಂತೆ ಈ ಕನಿಷ್ಠ ವೇಗ ಏರುತ್ತ ಹೋಗುತ್ತದೆ. ಅದಕ್ಕಿಂತ ನಿಧಾನವಾದರೆ ಸ್ಟಾಲ್. ಇನ್ನೊಂದು ಕಡೆ ಮೇಲೆ ಚಳಿ ಹೆಚ್ಚು, ಗಾಳಿ ತಣ್ಣಗಾದಷ್ಟೂ ಶಬ್ದದ ವೇಗ ಕಡಿಮೆ. ಸಮುದ್ರಮಟ್ಟದಲ್ಲಿ ಗಂಟೆಗೆ 1,225 ಕಿಲೋಮೀಟರ್ ಇರುವ ಅದು 11 ಕಿಲೋಮೀಟರ್ ಮೇಲೆ 1,062ಕ್ಕೆ ಇಳಿಯುತ್ತದೆ. ಶಬ್ದದ ವೇಗದ ಹತ್ತಿರ ಹೋದರೆ ಅಂಥ ರೆಕ್ಕೆಯ ಮೇಲೆ ಆಘಾತ ಅಲೆಗಳೆದ್ದು, ಎಳೆತ ಥಟ್ಟನೆ ಏರಿ, ವಿಮಾನ ನಡುಗತೊಡಗುತ್ತದೆ. ಕೆಳಗಿನ ಮಿತಿ ಏರುತ್ತದೆ, ಮೇಲಿನ ಮಿತಿ ಇಳಿಯುತ್ತದೆ. ಎರಡೂ ಸೇರುವ ಮೂಲೆಗೆ ಪೈಲಟ್‌ಗಳು ಇಟ್ಟ ಹೆಸರು ಕಾಫಿನ್ ಕಾರ್ನರ್, ಶವಪೆಟ್ಟಿಗೆಯ ಮೂಲೆ. ಯು-2 ಏರಬಲ್ಲ ತುದಿಯಲ್ಲಿ ಈ ಎರಡು ಸಾವುಗಳ ನಡುವಿನ ಅಂತರ 10 ನಾಟ್‌ಗಿಂತ ಕಡಿಮೆ, ಅಂದರೆ ಊರ ರಸ್ತೆಯಲ್ಲಿ ಸೈಕಲ್ ಹೋಗುವಷ್ಟು ವೇಗ. ಒತ್ತಡದ ಉಡುಪು ತೊಟ್ಟ ಪೈಲಟ್ ಗಂಟೆಗಟ್ಟಲೆ ಆ ಓಣಿಯಲ್ಲೇ ಸಾಗಬೇಕಿತ್ತು. 1962ರ ಯುದ್ಧದ ನಂತರ ನೆಹರೂ ಅವರ ಒಪ್ಪಿಗೆಯೊಂದಿಗೆ ಈ ವಿಮಾನಗಳು ಚೀನಾದ ಗಡಿಯುದ್ದಕ್ಕೂ ಚಿತ್ರ ತೆಗೆದದ್ದು, ಒಡಿಶಾದ ಚರ್ಬಾಟಿಯಾದಿಂದ ಹಾರಿದ್ದು, 2013ರಲ್ಲಿ ಅಮೆರಿಕ ಬಿಡುಗಡೆ ಮಾಡಿದ ದಾಖಲೆಗಳಿಂದ ಖಚಿತವಾಯಿತು.

ಪ್ರಯಾಣಿಕ ವಿಮಾನಗಳು ಆ ಮೂಲೆಯಿಂದ ದೂರವೇ ಇರುತ್ತವೆ. ಆದರೂ ಅವುಗಳ ಓಣಿಯೂ ನೆಲದ ಹತ್ತಿರ ಇರುವಷ್ಟು ಅಗಲವಲ್ಲ. 2009ರ ಜೂನ್ 1ರಂದು ಅಟ್ಲಾಂಟಿಕ್ ಮೇಲೆ 35,000 ಅಡಿಯಲ್ಲಿದ್ದ ಏರ್ ಫ್ರಾನ್ಸ್ 447ರ ವೇಗ ಅಳೆಯುವ ಕೊಳವೆಗಳಿಗೆ ಹಿಮ ಕಟ್ಟಿತು. ಆಟೋಪೈಲಟ್ ಕೈಬಿಟ್ಟಿತು. ಗೊಂದಲದಲ್ಲಿ ಮೂತಿ ಎತ್ತಲಾಯಿತು. ವಿಮಾನ ಸುಮಾರು 38,000 ಅಡಿಗೆ ಏರಿ, ವೇಗ ಕಳೆದುಕೊಂಡು, ಸ್ಟಾಲ್ ಆಗಿ ಸಮುದ್ರಕ್ಕೆ ಬಿತ್ತು. 228 ಜನರಲ್ಲಿ ಯಾರೂ ಉಳಿಯಲಿಲ್ಲ. ಎತ್ತರದಲ್ಲಿ ಮೂತಿ ಎತ್ತಿ ಏರುವುದು ಸುರಕ್ಷಿತವೆಂದು ಮನಸ್ಸಿಗೆ ಅನಿಸಬಹುದು. ತೆಳುಗಾಳಿಯಲ್ಲಿ ಆಸರೆಯಿರುವುದು ವೇಗದಲ್ಲಿ, ಎತ್ತರದಲ್ಲಲ್ಲ.

*

ವೇಗವೇ ಆಸರೆ ಎಂದ ಮೇಲೆ, ನಿಂತಲ್ಲೇ ನಿಲ್ಲಬೇಕಾದ ಯಂತ್ರದ ಗತಿ ಏನು? ಹೆಲಿಕಾಪ್ಟರಿನ ರೆಕ್ಕೆಗಳು ಸುತ್ತುತ್ತವೆ. ಸುತ್ತುವ ವೇಗವನ್ನು ಎತ್ತರಕ್ಕೆ ತಕ್ಕಂತೆ ಮನಸ್ಸಿಗೆ ಬಂದಷ್ಟು ಏರಿಸುವಂತಿಲ್ಲ. ತುದಿಗೆ ಶಬ್ದದ ವೇಗದ ಭಯ, ಬುಡಕ್ಕೆ ಮುರಿಯುವ ಭಯ. ಉಳಿಯುವುದು ರೆಕ್ಕೆಗಳ ಓರೆ, ಎಂಜಿನ್ನಿನ ಕಸುವು, ಮತ್ತು ಕೊನೆಯದಾಗಿ ಹೊರುವ ತೂಕ.

ಹಿಮಾಲಯದ ಗಡಿ ಕಾಯುವ ಭಾರತದ ಸೇನೆಗೆ ಬೇಕಿದ್ದದ್ದು ಇಂಥದೇ ಯಂತ್ರ. ಅದರ ಬೇಡಿಕೆಗೆ ತಕ್ಕಂತೆ ಫ್ರಾನ್ಸಿನವರು ಆಲುಯೆಟ್-2ರ ಹಗುರ ಮೈಗೆ ಆಲುಯೆಟ್-3ರ ಬಲವಾದ ಎಂಜಿನ್ ಕೂಡಿಸಿ ಒಂದು ಹೆಲಿಕಾಪ್ಟರ್ ಮಾಡಿದರು; 1969ರ ಮಾರ್ಚಿನಲ್ಲಿ ಅದು ಮೊದಲು ಹಾರಿತು. ಅವರು ಅದಕ್ಕೆ ಲಾಮಾ ಎಂದು ಹೆಸರಿಟ್ಟರು. ಪರವಾನಗಿ ಪಡೆದು ಬೆಂಗಳೂರಿನ ಎಚ್‌ಎಎಲ್ ತಯಾರಿಸಿದಾಗ ಅದು ಚೀತಾ ಆಯಿತು. 1972ರ ಜೂನ್ 21ರಂದು ಜಾನ್ ಬೂಲೆ ಎಂಬ ಫ್ರೆಂಚ್ ಪೈಲಟ್, ಬೇಡದ್ದನ್ನೆಲ್ಲ ಕಿತ್ತು ಹಗುರ ಮಾಡಿದ ಲಾಮಾವನ್ನು 12,442 ಮೀಟರ್ ಎತ್ತರಕ್ಕೆ ಒಯ್ದ. ಇಳಿಯಲೆಂದು ಕಸುವು ತಗ್ಗಿಸಿದಾಗ ಎಂಜಿನ್ ಆರಿಹೋಯಿತು. ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಗಳನ್ನು ತಿರುಗಿಸುತ್ತಿರಲು, ಗಾಳಿಗೆ ಉದುರಿದ ಬೀಜದಂತೆ ಸುತ್ತುತ್ತ ಅವನು ಅಷ್ಟೂ ಎತ್ತರದಿಂದ ನೆಲ ಸೇರಿದ.

ಆ ದಾಖಲೆಗಿಂತ ದೊಡ್ಡ ಕೆಲಸ ದಾಖಲೆಯಿಲ್ಲದೆ ನಡೆದದ್ದು ಸಿಯಾಚಿನ್‌ನಲ್ಲಿ. 1984ರ ಏಪ್ರಿಲ್ 13ರಂದು ಭಾರತದ ಸೇನೆ ಆ ಹಿಮನದಿಯ ಮೇಲಿನ ಕಣಿವೆದಾರಿಗಳನ್ನು ಹಿಡಿದಂದಿನಿಂದ ಅಲ್ಲಿನ ಎತ್ತರದ ಠಾಣೆಗಳಿಗೆ ಸೀಮೆಎಣ್ಣೆ, ಔಷಧ, ಕಾಗದ ಪತ್ರ ತಲುಪಿಸಿದ್ದು, ಹಿಮ ಕಚ್ಚಿದ ಸೈನಿಕರನ್ನು ಕೆಳಕ್ಕೆ ತಂದದ್ದು ಈ ಪುಟ್ಟ ಚೀತಾಗಳೇ. 6,000 ಮೀಟರ್ ಎತ್ತರದಲ್ಲಿ ಗಾಳಿ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಬಿಸಿಲೇರಿದರೆ ಅದೂ ಇನ್ನಷ್ಟು ತೆಳುವಾಗುತ್ತದೆ. ಅಲ್ಲಿ ಹೊರೆಯನ್ನು ಕಿಲೋ ಕಿಲೋ ತೂಗಿ ನೋಡಬೇಕು. ಟ್ಯಾಂಕಿನಲ್ಲಿ ಹೆಚ್ಚು ಇಂಧನ ತುಂಬಿದರೆ ಅಷ್ಟು ಸಾಮಾನು ಬಿಡಬೇಕು. ಒಬ್ಬ ರೋಗಿಯನ್ನು ಹತ್ತಿಸಿಕೊಳ್ಳಬಹುದೇ, ಇಬ್ಬರನ್ನೇ ಎಂಬ ಪ್ರಶ್ನೆಗೆ ಕರುಣೆ ಉತ್ತರ ಹೇಳುವುದಿಲ್ಲ, ಸಾಂದ್ರತೆ ಹೇಳುತ್ತದೆ. ಮೇಲೆ ಬರೆದ ಎತ್ತುವ ಬಲದ ಲೆಕ್ಕ ಪುಸ್ತಕದಿಂದ ಹೊರಬಂದು ಮನುಷ್ಯನ ಮುಖ ತಾಳುವುದು ಅಲ್ಲಿ.

*

ಇನ್ನು ನಮ್ಮ ಹೆಬ್ಬಾತಿಗೆ ಮರಳೋಣ. ಅದಕ್ಕೆ ಟರ್ಬೋ ಇಲ್ಲ, ಒತ್ತಡದ ಉಡುಪಿಲ್ಲ, ಜೆಟ್ಟಿಲ್ಲ. ಹಾಗಾದರೆ ಅದು ತೆಳುಗಾಳಿಯನ್ನು ಹೇಗೆ ಗೆಲ್ಲುತ್ತದೆ?

ವೇಲ್ಸಿನ ಬ್ಯಾಂಗೋರ್ ವಿಶ್ವವಿದ್ಯಾಲಯದ ಚಾರ್ಲ್ಸ್ ಬಿಷಪ್ ಮತ್ತು ಸಂಗಡಿಗರು ಮಂಗೋಲಿಯದ ಕೆಲವು ಹೆಬ್ಬಾತುಗಳ ಮೈಯೊಳಗೆ ಎದೆಬಡಿತ, ರೆಕ್ಕೆಬಡಿತ, ಎತ್ತರಗಳನ್ನು ದಾಖಲಿಸುವ ಉಪಕರಣಗಳನ್ನಿಟ್ಟು ಹಿಮಾಲಯ ದಾಟಿಸಿ ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರ ಊಹೆಗೆ ವಿರುದ್ಧವಾಗಿತ್ತು. ಒಮ್ಮೆ ಮೇಲೇರಿದ ಹಕ್ಕಿ ಅದೇ ಎತ್ತರ ಕಾಯ್ದುಕೊಂಡು ನೇರ ಸಾಗುತ್ತದೆ ಎಂದುಕೊಂಡಿದ್ದರು. ಹಾಗಲ್ಲ. ಹೆಬ್ಬಾತು ನೆಲದ ಏರಿಳಿತವನ್ನೇ ಅನುಸರಿಸುತ್ತದೆ. ಬೆಟ್ಟ ಬಂದರೆ ಏರುತ್ತದೆ, ಕಣಿವೆ ಬಂದರೆ ಕಷ್ಟಪಟ್ಟು ಗಳಿಸಿದ ಎತ್ತರವನ್ನು ಬಿಟ್ಟುಕೊಟ್ಟು ಇಳಿಯುತ್ತದೆ, ಮತ್ತೆ ಏರುತ್ತದೆ. ತೆಳುಗಾಳಿಯಲ್ಲಿ ರೆಕ್ಕೆ ಬಡಿಯುತ್ತ ಉಳಿಯುವ ಖರ್ಚಿಗಿಂತ ಇಳಿದು ಮತ್ತೆ ಏರುವ ಖರ್ಚೇ ಕಡಿಮೆ. ಹಾರಾಟವೂ ಹೆಚ್ಚಾಗಿ ರಾತ್ರಿ ಮತ್ತು ಮುಂಜಾವಿನಲ್ಲಿ. ಆಗ ಗಾಳಿ ತಣ್ಣಗೆ, ತುಸು ದಟ್ಟವಾಗಿರುತ್ತದೆ. 3,200 ಮೀಟರಿಗೂ ಮೇಲಿರುವ ಲೇಹ್ ನಿಲ್ದಾಣಕ್ಕೆ ವಿಮಾನಗಳು ಹೆಚ್ಚಾಗಿ ಬೆಳಿಗ್ಗೆಯೇ ಹೋಗಿಬರುವುದಕ್ಕೆ ಒಂದು ಕಾರಣವೂ ಇದೇ.

ಎತ್ತರಕ್ಕೆ ಹೋದ ಮನುಷ್ಯ ಅಲ್ಲೇ ಉಳಿಯಲು ಬೇಕಾದ್ದನ್ನೆಲ್ಲ ಕಟ್ಟಿಕೊಂಡ, ಆ ದಾರಿಯಲ್ಲಿ ಕಣ್ಣು, ಉಸಿರು, ಜೀವಗಳನ್ನು ತೆತ್ತ. ಹೆಬ್ಬಾತು ಬೇಕಾದಷ್ಟೇ ಏರಿತು, ಸಾಧ್ಯವಾದ ಕಡೆಯೆಲ್ಲ ಇಳಿಯಿತು. ಇಬ್ಬರ ಎದುರಿಗೂ ಇದ್ದದ್ದು ಒಂದೇ ಲೆಕ್ಕ. ಬಿಸಿಲು ಬಲಿಯುವ ಹೊತ್ತಿಗೆ ಮಾಗಡಿ ಕೆರೆಯ ಹೆಬ್ಬಾತುಗಳು ಉತ್ತರಕ್ಕೆ ಹೊರಡುತ್ತವೆ. ಹಿಮಾಲಯದ ಬುಡ ತಲುಪಿದ ಮೇಲೆ ಯಾವುದೋ ಒಂದು ತಣ್ಣನೆಯ ರಾತ್ರಿ ಅವು ಆ ಲೆಕ್ಕವನ್ನು ಮತ್ತೊಮ್ಮೆ ಮೊದಲಿನಿಂದ ಮಾಡಬೇಕು.